ಸಾಹುಕಾರನ ಮನೆಯ ಶೆಗಡಿ

ಪೇಟೆಯೂರು ಒಂದರಲ್ಲಿ ಹತ್ತಿ ವ್ಯಾಪಾರದ ಸಾಹುಕಾರನೊಬ್ಬನಿದ್ದ. ಅವನ ಹೆಸರು ಕೇಳಬೇಡಿ. ಹೆಸರು ಹೇಳಿದೆ ಎಂದುಕೊಳ್ಳಿ, 'ಓ, ಅವರಾ, ಅವರು ನಮ್ಮ ಪೈಕಿ ಅಲ್ಲ' ಎಂದು ನೀವೆಲ್ಲ ನಿಶ್ಚಿಂತೆಯಿಂದ ಕಂಬಕ್ಕೆ ಒರಗಿ ಕೂತುಬಿಡುತ್ತೀರಿ. ನಿಮ್ಮನ್ನು ಒರಗಲು ಬಿಡುವ ಮನಸ್ಸು ನನಗಿಲ್ಲ. ಅದಕ್ಕೇ ಅವನಿಗೆ ಹೆಸರಿಲ್ಲ.

ಪ್ರವಚನದ ಕಥೆಯಲ್ಲಿ ಸಾಹುಕಾರ ಬಂದ ಎಂದರೆ ಅವನು ಜಿಪುಣನೇ ಇರಬೇಕು ಎಂದು ನೀವು ಆಗಲೇ ತೀರ್ಮಾನ ಮಾಡಿರುತ್ತೀರಿ. ಇಲ್ಲ. ಈತ ಜಿಪುಣನಲ್ಲ. ಕುಡುಕನಲ್ಲ. ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ. ಹಾಗಾದರೆ ಇವನ ದೋಷ ಏನು? ದೋಷ ಆಮೇಲೆ. ಮೊದಲು ಗುಣ ಕೇಳಿ. ಅವನಿಗೆ ಕುತೂಹಲ ಬಹಳ. ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ, ಅದು ಯಾಕೆ? ಹಲ್ಲಿ ಗೋಡೆಯಿಂದ ಬೀಳುವುದಿಲ್ಲ, ಅದು ಹೇಗೆ? ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಎಲ್ಲಿಂದ ಎಂದು ನೋಡಲು ಒಮ್ಮೆ ಅದನ್ನು ಬಿಚ್ಚಿದ. ತಿರುಗಿ ಜೋಡಿಸಲು ಬರಲಿಲ್ಲ. ತುಣುಕುಗಳನ್ನೆಲ್ಲ ಟೋಪಿಯಲ್ಲಿ ತುಂಬಿಕೊಂಡು ಪೇಟೆಯ ನಡುವೆ ರಿಪೇರಿಯವನ ಅಂಗಡಿಗೆ ನಡೆದ. ಊರವರು ನಕ್ಕರು. ನನಗೆ ಮಾತ್ರ ಇಂಥ ಮನುಷ್ಯನ ಮೇಲೆ ಪ್ರೀತಿ. ಕೇಳುವವನು ಎಂದಾದರೂ ಕಲಿತಾನು ಎಂಬ ಆಸೆ ಇರುತ್ತದೆ, ನೋಡಿ.

ಅಂಗಡಿಗೆ ಪರ ಊರಿನವನು ಯಾರೇ ಬರಲಿ, ಹತ್ತಿಯ ಮಾತು ಹತ್ತು ನಿಮಿಷ, ಉಳಿದ ಮಾತು ಎರಡು ಗಂಟೆ. ನಿಮ್ಮೂರಿನ ಬಾವಿ ಎಷ್ಟು ಆಳ, ನಿಮ್ಮ ಕಡೆ ಮಳೆ ಯಾವ ದಿಕ್ಕಿನಿಂದ ಬರುತ್ತದೆ, ನಿಮ್ಮ ಕಡೆಯ ಎತ್ತಿನ ಕೊಂಬು ಹೀಗೆ ಯಾಕೆ ಬಾಗುತ್ತದೆ. ಹೀಗೆ ಕೇಳುತ್ತ ಕೂತವನಿಗೆ ಹೊಟ್ಟೆಯ ನೆನಪೆಲ್ಲಿ? ಮಧ್ಯಾಹ್ನದ ಊಟಕ್ಕೆ ಒಂದು ದಿನ ಒಂದು ಗಂಟೆಗೆ ಬಂದರೆ ಮರುದಿನ ಮೂರಕ್ಕೆ, ಅದರ ಮರುದಿನ ನಾಲ್ಕಕ್ಕೆ. ಆದರೆ ಯಾವಾಗ ಬಂದರೂ ಊಟ ಬಿಸಿಯಾಗಿರಬೇಕು. ಬಿಸಿ ಎಂದರೆ ಅನ್ನದ ಮೇಲೆ ಹಾಕಿದ ತುಪ್ಪ ತಾನಾಗಿ ಕರಗಿ ಇಳಿಯಬೇಕು. ಎಣ್ಣೆಗಾಯಿಯಿಂದ ಹಬೆ ಏಳಬೇಕು. ಅದೊಂದೇ ಅವನ ಹಟ.

ಆ ಹಟವನ್ನು ಇಷ್ಟು ವರ್ಷ ನಡೆಸಿಕೊಟ್ಟದ್ದು ಒಂದು ಶೆಗಡಿ. ಇಲ್ಲಿ ಕೂತ ಹುಡುಗರಿಗೆ ಶೆಗಡಿ ಗೊತ್ತಿರಲಿಕ್ಕಿಲ್ಲ. ಮಣ್ಣಿನದೋ ಕಬ್ಬಿಣದ್ದೋ ಒಂದು ಸಣ್ಣ ಒಲೆ. ನಡುವೆ ಜಾಲರಿ, ಮೇಲೆ ಇದ್ದಿಲು, ಕೆಳಗೆ ಬೂದಿ ಬೀಳುವ ಬಾಯಿ. ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸಾಹುಕಾರನ ಮನೆಯಲ್ಲಿ ಮುಂಜಾನೆ ಅಡುಗೆ ಸೌದೆಯ ಒಲೆಯ ಮೇಲೆ ಆಗುತ್ತಿತ್ತು. ಹನ್ನೊಂದಕ್ಕೆ ಅಡುಗೆ ಮುಗಿದರೆ ಸೌದೆ ಎಳೆದು, ಪಾತ್ರೆಗಳನ್ನು ಶೆಗಡಿಗೆ ವರ್ಗ ಮಾಡುವುದು. ಇದ್ದಿಲಿನ ಕೆಂಡದ ಮೇಲೆ ತೆಳ್ಳಗೆ ಬೂದಿ ಹರವುವುದು. ಬೂದಿ ಹೆಚ್ಚಾದರೆ ಕೆಂಡ ಆರುತ್ತದೆ, ಕಡಿಮೆಯಾದರೆ ಅನ್ನ ತಳ ಹಿಡಿಯುತ್ತದೆ. ಮುಚ್ಚಳದ ಮೇಲೂ ಎರಡು ಕೆಂಡ ಇಡುವುದು. ಗಳಿಗೆಗೊಮ್ಮೆ ಬೀಸಣಿಗೆಯಿಂದ ಹದವಾಗಿ ಬೀಸುವುದು, ಪಾತ್ರೆ ತಿರುಗಿಸುವುದು. ಇದನ್ನೆಲ್ಲ ಮಾಡುತ್ತಿದ್ದವಳು ಅವನ ಹೆಂಡತಿ. ಆಳುಗಳಿದ್ದರು, ಆದರೆ ಶೆಗಡಿಯನ್ನು ಆಕೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಹದ ಬೇರೆಯವರಿಗೆ ಬರುತ್ತಿರಲಿಲ್ಲ.

ನಮ್ಮ ಸಾಹುಕಾರ ಶೆಗಡಿಯನ್ನೂ ಬಿಡಲಿಲ್ಲ, ಪರೀಕ್ಷೆ ಮಾಡಿದ. ಕೆಂಡವನ್ನು ಗಡಿಗೆಯಲ್ಲಿ ಹಾಕಿ ಗಾಳಿಯಾಡದಂತೆ ಬಾಯಿ ಮುಚ್ಚಿದರೆ ಏನಾಗುತ್ತದೆ? ಆರುತ್ತದೆ. ಮರುದಿನ ತೆಗೆದರೆ? ಕರ್ರಗೆ ಇದ್ದಿಲಾಗಿಯೇ ಇರುತ್ತದೆ, ಮತ್ತೆ ಹೊತ್ತುತ್ತದೆ! ಈ ಸಂಗತಿ ಕಂಡು ಅವನಿಗೆ ಮಕ್ಕಳಂತೆ ಖುಷಿಯಾಯಿತು. ಆ ದಿನವೇ ಮನೆಯಲ್ಲಿ ಒಂದು ನಿಯಮ ಮಾಡಿದ.

"ನಾ ಉಂಡು ಎದ್ದ ಕೂಡಲೆ ಕೆಂಡ ಎತ್ತಿ ಗಡಿಗಿಗೆ ಹಾಕಿ ಬಾಯಿ ಮುಚ್ಚಿಬಿಡ್ರಿ. ನಾಳಿಗೆ ಮತ್ತ ಬರ್ತೈತಿ. ಸುಮ್ಮನ ಯಾಕ ಉರೀಬೇಕು?"

ಎಷ್ಟು ಜಾಣತನದ ಮಾತು! ನೀವೂ ಇದ್ದಿದ್ದರೆ ಹೌದು ಹೌದು ಎನ್ನುತ್ತಿದ್ದಿರಿ. ಬಂದ ಅತಿಥಿಗಳಿಗೆಲ್ಲ ಅವನು ಆ ಗಡಿಗೆ ತೆರೆದು ತೋರಿಸುತ್ತಿದ್ದ.

ಇಷ್ಟು ಬಿಸಿ ಊಟದ ಮನೆಯಲ್ಲಿ ಒಂದು ಕಷ್ಟ ಬಂತು. ಸಾಹುಕಾರನ ಹೆಂಡತಿಗೆ ಹೊಟ್ಟೆನೋವು. ಮೊದಮೊದಲು ಸಂಜೆ ಹೊತ್ತು, ಆಮೇಲೆ ಯಾವಾಗೆಂದರೆ ಆವಾಗ. ಉಂಡದ್ದು ನಿಲ್ಲದು. ಆರು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸಾಹುಕಾರ ಗಾಬರಿಯಾದ. ದೊಡ್ಡ ಹೆಸರಿನ ವೈದ್ಯರನ್ನು ಕರೆಸಿದ. ಅವರು ನಾಡಿ ನೋಡಿ, ಪುಡಿ ಕಟ್ಟಿಕೊಟ್ಟು, ಪಥ್ಯ ಹೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಪುಡಿ. ಪುಡಿ ಖಾರ ಇದೆ, ಹೊಟ್ಟೆಗೆ ಬಿದ್ದ ಬೆನ್ನಿಗೇ ಬಿಸಿ ಅನ್ನ, ತುಪ್ಪ ಬೀಳಬೇಕು. ಅಷ್ಟೇ. ದೊಡ್ಡ ಪಥ್ಯವೇನಲ್ಲ.

ಎರಡು ತಿಂಗಳು ಕಳೆದವು. ಗುಣವಾಗಲಿಲ್ಲ, ನೋವು ಹೆಚ್ಚಾಯಿತು. ವೈದ್ಯರು ಮತ್ತೆ ಬಂದರು. ಆಕೆ ಬಾಗಿಲ ಬದಿ ಗೋಡೆ ಹಿಡಿದು ನಿಂತಿದ್ದಳು. ವೈದ್ಯರು ಕೇಳಿದರು:

"ತಾಯಿ, ಪುಡಿ ತಗೊಂಡ ಕೂಡಲೆ ಬಿಸಿ ಅನ್ನ ಉಣ್ತೀರೋ ಇಲ್ಲೋ?"

ಯಾರು ಉತ್ತರ ಕೊಟ್ಟರು ಹೇಳಿ? ಸಾಹುಕಾರ.

"ಏನ್ ಮಾತ್ರೀ ವೈದ್ಯರ! ನಮ್ಮನ್ಯಾಗ ಬಿಸಿ ಊಟಕ್ಕ ಬರ ಐತೇನು? ಮುಂಜಾನಿಯಿಂದ ಶೆಗಡಿ ಆರಂಗಿಲ್ಲ. ಬಿಸೀನೇ ಉಣ್ತಾಳ!"

ಆಕೆ ತಲೆ ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ಯಾರೂ ನೋಡಲಿಲ್ಲ. ಈ ಜಾಗವನ್ನು ನೆನಪಿಟ್ಟುಕೊಳ್ಳಿ. ಹಲ್ಲಿಗೆ ಪ್ರಶ್ನೆ ಹಾಕಿದವನು, ಗಡಿಯಾರಕ್ಕೆ ಪ್ರಶ್ನೆ ಹಾಕಿದವನು, ಇದ್ದಿಲಿಗೆ ಪ್ರಶ್ನೆ ಹಾಕಿದವನು, ಹೆಂಡತಿಗೆ ಬಂದ ಪ್ರಶ್ನೆಗೆ ತಾನೇ ಉತ್ತರ ಹೇಳಿದ.

ವೈದ್ಯರು ಹಣೆ ಉಜ್ಜಿಕೊಂಡರು. "ಹಂಗಿದ್ರ ಪುಡಿ ಕೆಲಸ ಮಾಡಲೇಬೇಕಿತ್ತು. ತಾಸುಗಟ್ಟಲೆ ಇದ್ದಿಲ ಮ್ಯಾಲೆ ಅನ್ನ ಇಡ್ತೀರಿ. ಆ ಇದ್ದಿಲು ಎಂಥಾ ಕಟ್ಟಿಗೀದೋ ಏನೋ. ಕಳ್ಳಿ ಗಿಳ್ಳಿ ಸುಟ್ಟು ಕಲಸಿರ್ತಾರ, ಅದರ ವಿಷ ಅಡಗೀಗೆ ಇಳೀತಿದ್ರ? ವಿಚಾರ ಮಾಡಿಸ್ರಿ. ಬರೋ ಅಮಾಸಿ ಒಳಗ ಆಕಿ ಹೊಟ್ಟ್ಯಾಗ ಅನ್ನ ನಿಲ್ಲಲಿಲ್ಲ ಅಂದ್ರ, ಮುಂದ ನನ್ನ ಕೈಯಾಗ ಏನೂ ಇಲ್ಲ, ಸಾವ್ಕಾರ್ರ."

ಅಮಾವಾಸ್ಯೆಗೆ ಹದಿನೆಂಟು ದಿನ ಉಳಿದಿತ್ತು. ಹೆಂಡತಿಯನ್ನು ಕಳೆದುಕೊಳ್ಳುವ ಮಾತು ಇದು. ಅವನಿಗೆ ಆಕೆಯ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಆಕೆಗೆ ವಿಷ ಹಾಕಿದ ಇದ್ದಿಲನ್ನು ಹಿಡಿದೇ ತೀರುತ್ತೇನೆ ಎಂದು ಹೊರಟ.

ಇದ್ದಿಲು ತರುವ ಮುದುಕಿಯನ್ನು ಕೇಳಿದ. ಆಕೆ ಸೆರಗಿನಿಂದ ಮುಖದ ಕರಿ ಒರೆಸಿಕೊಂಡು ಹೇಳಿದಳು: "ನಾ ಹೊರೋಕಿ ಯಪ್ಪಾ, ಸುಡೋಕಿ ಅಲ್ಲ. ಗುಡ್ಡದ ಹಿಂದ ಹುಲಿಗೆಪ್ಪ ಅದಾನ. ಅವನ್ನ ಕೇಳು."

ನೋಡಿ, ಸಾಹುಕಾರನಿಗೆ ನಾನು ಹೆಸರಿಡಲಿಲ್ಲ. ಇದ್ದಿಲು ಸುಡುವ ಈ ಹುಲಿಗೆಪ್ಪನಿಗೆ ಹೆಸರಿದೆ. ಅದು ಅವನು ದುಡಿದು ಗಳಿಸಿದ ಹೆಸರು.

ಸಾಹುಕಾರ ಬೆಳಗ್ಗೆಯೇ ಎತ್ತಿನ ಚಕ್ಕಡಿ ಕಟ್ಟಿಸಿಕೊಂಡು ಗುಡ್ಡ ದಾಟಿದ. ಆಚೆ ಬಯಲಿನಲ್ಲಿ ಮಣ್ಣು ಮೆತ್ತಿದ ಒಂದು ದೊಡ್ಡ ಗುಪ್ಪೆ. ಬೆಂಕಿ ಕಾಣುವುದಿಲ್ಲ, ತುದಿಯ ಸಣ್ಣ ತೂತಿನಿಂದ ಎಳೆಯಾಗಿ ಹೊಗೆ ಬರುತ್ತಿದೆ. ಪಕ್ಕದಲ್ಲಿ ಒಬ್ಬ ಮುದುಕ ನೀರಿನ ಗಡಿಗೆ, ಹಸಿ ಮಣ್ಣಿನ ಬುಟ್ಟಿ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ ಆ ಹೊಗೆಯನ್ನೇ ನೋಡುತ್ತ ಕೂತಿದ್ದಾನೆ. ಸಾಹುಕಾರ ಇಳಿದವನೇ ವಿಷಯಕ್ಕೆ ಬಂದ.

"ಏನಪ್ಪಾ, ಇದ್ದಿಲಾಗ ಕಳ್ಳಿ ಕಲಸ್ತೀಯಂತ? ನನ್ನ ಹೆಂಡತಿ ಸಾಯಾಕತ್ತಾಳ!"

ಹುಲಿಗೆಪ್ಪನ ಮುಖ ಬಾಡಿತು. ಪಕ್ಕದ ರಾಶಿಯಿಂದ ಒಂದು ಇದ್ದಿಲು ತೆಗೆದು ಕಲ್ಲಿಗೆ ಬಡಿದ. ಖಣ್ ಎಂದಿತು. ಮುರಿದು ತೋರಿಸಿದ, ಒಳಗೆ ಮಿರಿಮಿರಿ ಹೊಳೆಯಿತು. ಆ ತುಂಡನ್ನೇ ಬಾಯಿಗೆ ಹಾಕಿಕೊಂಡು ಕರಕರ ಅಗಿದ, ಬೆರಳಿನಿಂದ ಹಲ್ಲು ಉಜ್ಜಿದ, ಬಾಯಿ ಮುಕ್ಕಳಿಸಿ ಉಗುಳಿದ.

"ಅರವತ್ತು ವರ್ಷ ಆತ್ರಿ ಧಣ್ಯಾರ, ಹಲ್ಲು ಇದರಾಗ ಉಜ್ತೀನಿ. ಕರಿಜಾಲಿ ಇದು. ಕಳ್ಳಿ ಸುಟ್ರ ಇದ್ದಿಲಾಗಂಗಿಲ್ಲ, ಬೂದಿ ಆಗ್ತೈತಿ. ವಿಷ ಇದ್ದಿದ್ರ ನಾ ಮೊದಲ ಹೋಗಬೇಕಿತ್ತು."

ಸಾಹುಕಾರನಿಗೆ ನಾಚಿಕೆಯಾಯಿತು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗಬೇಕು? ಬಂದ ಕೆಲಸ ಮುಗಿದರೂ ಪ್ರಶ್ನೆ ಮುಗಿಯಲಿಲ್ಲ. ಗುಪ್ಪೆಯ ಸುತ್ತ ಒಂದು ಸುತ್ತು ಹಾಕಿದ. ಅದರೊಳಗೆ ಏನಿದೆ? ಸೌದೆ. ಉರಿಯುತ್ತಿದೆಯೇ? ಉರಿಯುತ್ತಿದೆ, ಆದರೆ ಉರಿಯಲು ಬಿಟ್ಟಿಲ್ಲ. ಅದೆಂಥ ಮಾತು? ಹುಲಿಗೆಪ್ಪ ನಕ್ಕು ವಿವರಿಸಿದ. ಸೌದೆ ಒಟ್ಟಿ, ಹುಲ್ಲು ಹೊದಿಸಿ, ಮಣ್ಣು ಮೆತ್ತಿ, ಒಳಗೆ ಕಿಡಿ ಇಟ್ಟು, ಗಾಳಿಯನ್ನು ಒಂದಿಷ್ಟೇ ಬಿಡುವುದು. ಮೊದಲು ಬಿಳಿ ಹೊಗೆ ಬರುತ್ತದೆ, ಅದು ಕಟ್ಟಿಗೆಯೊಳಗಿನ ನೀರು. ಆಮೇಲೆ ಹಳದಿ ಹೊಗೆ, ಕಣ್ಣು ಉರಿಸುವಂಥದು. ಕೊನೆಗೆ ತೆಳ್ಳಗೆ ನೀಲಿ. ನೀಲಿ ಬಂದರೆ ಮುಗಿಯಿತು, ಎಲ್ಲ ತೂತು ಮುಚ್ಚಿ ಆರಲು ಬಿಡುವುದು. ಕಟ್ಟಿಗೆ ತನ್ನ ಹೊಗೆಯನ್ನೆಲ್ಲ ಇಲ್ಲೇ, ಈ ಬಯಲಿನಲ್ಲೇ ಬಿಟ್ಟು ಮನೆಗೆ ಬರುತ್ತದೆ. ಅದಕ್ಕೇ ಮನೆಯ ಶೆಗಡಿಯಲ್ಲಿ ಕಣ್ಣು ಉರಿಯುವುದಿಲ್ಲ.

"ಇದನ್ನ ಮೊದಲು ಯಾರು ಕಂಡು ಹಿಡಿದ್ರೋ?"

"ಯಾರಿಗ ಗೊತ್ರಿ! ನಮ್ಮ ಮುತ್ಯಾ ಒಂದು ಮಾತು ಹೇಳ್ತಿದ್ದ. ಅಡವಿಗೆ ಬೆಂಕಿ ಬಿದ್ದಾಗ ಹಳ್ಳದ ದಂಡಿ ಕುಸಿದು ಒಂದು ಗಿಡದ ಬೊಡ್ಡಿ ಮಣ್ಣಾಗ ಹೂತಿತ್ತಂತ. ಸುತ್ತಲಿದ್ದದ್ದೆಲ್ಲ ಬೂದಿ ಆತಂತ, ಅದೊಂದು ಕರ್ರಗ ಉಳೀತಂತ. ಯಾರೋ ಚಳಿಗೆ ಅದನ್ನ ಹೊತ್ತಿಸಿದ್ರ ಹೊಗಿನೇ ಇಲ್ಲ! ಖರೇನೋ ಸುಳ್ಳೋ. ಮೊದಲ ಕಮ್ಮಾರರು ಒಯ್ದರು, ಆಮ್ಯಾಲೆ ಅಕ್ಕಸಾಲ್ಯಾರು ಒಯ್ದರು, ಕಡೀಕೆ ಹೆಣ್ಮಕ್ಕಳು ಅಡಗಿ ಮನಿಗೆ ಒಯ್ದರು ಅಂತ ಹೇಳ್ತಿದ್ದ."

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಈ ಮಾತು ಕೇಳಿದಾಗಲೆಲ್ಲ ನನಗೂ ಸಾಹುಕಾರನ ರೋಗ ಹತ್ತುತ್ತದೆ. ಯೋಚಿಸಿ. ಅಡುಗೆ ಮಾಡಲು ಇದ್ದಿಲು ಯಾಕೆ ಬೇಕು? ಸೌದೆ ಸಾಲದೇ? ಸಾಲುತ್ತದೆ. ದಂಡಿಯಾಗಿ ಸಾಲುತ್ತದೆ. ಸೌದೆ ಹಚ್ಚಿ, ಅನ್ನ ಬೇಯಿಸಿ, ಕೂತು ಉಂಡುಬಿಟ್ಟರೆ ಇದ್ದಿಲಿನ ಅವಶ್ಯಕತೆಯೇ ಇಲ್ಲ. ಮತ್ತೆ ಮನುಷ್ಯ ಇಷ್ಟು ಪಾಡು ಯಾಕೆ ಪಟ್ಟ? ಕೆಂಡಕ್ಕೆ ಬೂದಿ ಹೊದಿಸಿ ಬೆಳಗಿನವರೆಗೆ ಉಳಿಸಿಕೊಂಡ, ಪಕ್ಕದ ಮನೆಗೆ ಹೋಗಿ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಬೇಡಿ ತಂದ, ಮುಚ್ಚಳದ ಮೇಲೂ ಕೆಂಡ ಇಟ್ಟ. ನಿಮ್ಮ ಅಜ್ಜಿಯರು ಮಾಡಿದ್ದನ್ನು ಕಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಯಾಕೆ ಮಾಡಿದರು? ನನಗೆ ಹೊಳೆಯುವುದು ಇಷ್ಟು. ಯಾರೋ ಒಬ್ಬರು ಇನ್ನೂ ಬಂದಿಲ್ಲ. ಹೊಲದಿಂದ ಬರಬೇಕು, ಪೇಟೆಯಿಂದ ಬರಬೇಕು, ದಾರಿ ದೂರ ಇದೆ. ಅವರು ಬಂದಾಗ ಅನ್ನ ತಣ್ಣಗಿರಬಾರದು. ಇನ್ನೂ ಬಾರದವರ ಮೇಲಿನ ಅಕ್ಕರೆ ಇದು. ಎಷ್ಟು ದೊಡ್ಡ ಸಂಗತಿ ನೋಡಿ! ನಾನು ಇದ್ದಿಲನ್ನು ಹಳಿಯಲು ಇಲ್ಲಿ ಕೂತಿಲ್ಲ. ಆ ಅಕ್ಕರೆಯಿಂದ ಬದುಕಿದವರೇ ನಾವೆಲ್ಲ.

ಇರಲಿ, ಗುಡ್ಡದ ಹಿಂದಕ್ಕೆ ಹೋಗೋಣ. ಅಷ್ಟರಲ್ಲಿ ಹುಲಿಗೆಪ್ಪ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಅವನ ಹೆಂಡತಿ ಹಿಂದಿನ ದಿನ ಕಟ್ಟಿ ಕಳಿಸಿದ್ದು. ರೊಟ್ಟಿ ಮುರಿದರೆ ಹಪ್ಪಳದ ಹಾಗೆ ಚಟ್ ಎಂದಿತು. ಸಾಹುಕಾರನಿಗೆ ಮತ್ತೆ ಕುತೂಹಲ.

"ಅಲ್ಲೋ ಮಾರಾಯಾ, ಇಷ್ಟು ದೊಡ್ಡ ಬೆಂಕಿ ಮಗ್ಗಲಕ ಇಟಗೊಂಡು ತಣ್ಣನ ರೊಟ್ಟಿ ತಿಂತೀಯಲ್ಲ? ಒಂದು ಕೆಂಡ ತೆಗೆದು ಬಿಸಿ ಮಾಡ್ಕೋಬಾರದಾ?"

"ತೂತು ಮಾಡಿದ್ರ ಗಾಳಿ ಹೊಗ್ತೈತ್ರಿ. ಗಾಳಿ ಹೊಕ್ರ ಗುಪ್ಪಿ ಅಷ್ಟೂ ಬೂದಿ. ಮಗ್ಗಲಿಗೆ ಬ್ಯಾರೆ ಒಲಿ ಹಚ್ಚಿದ್ರ ಆ ಹೊಗಿ ಈ ಹೊಗಿ ಕೂಡಿ ಬಣ್ಣ ತಿಳ್ಯಾಂಗಿಲ್ಲ. ಏಳು ದಿನ ಹಿಂಗ ನೋಡ್ಕೋತ ಕೂಡ್ರೋದು. ಊರಿಗೆಲ್ಲ ಬಿಸಿ ಊಟ ಕೊಡೋ ಬೆಂಕಿ ಇದು, ಮುಂದ ಕೂತವನಿಗೆ ತಣ್ಣಂದು." ಒಂದು ತುತ್ತು ನುಂಗಿ, ಏನೋ ನೆನಪಾದವನಂತೆ ಕೇಳಿದ. "ನಿಮ್ಮನ್ಯಾಗ ಶೆಗಡಿ ಮುಂದ ಯಾರು ಕೂಡ್ರತಾರ್ರಿ?"

"ನನ್ನ ಹೆಂಡತಿ."

"ಅವ್ವಾರು ಯಾವಾಗ ಉಣ್ತಾರ್ರಿ?"

ಜೀವಮಾನದಲ್ಲಿ ಮೊದಲ ಸಲ ಒಂದು ಪ್ರಶ್ನೆ ಸಾಹುಕಾರನ ಮುಂದೆ ಬಂದು ನಿಂತಿತ್ತು, ಮತ್ತು ಅದು ಅವನಿಗೆ ತಾನಾಗಿ ಎಂದೂ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ. ಆಕೆ ಬಡಿಸಿದ್ದನ್ನು ಕಂಡಿದ್ದ, ಬೀಸಿದ್ದನ್ನು ಕಂಡಿದ್ದ, ತಾಟು ಎತ್ತಿದ್ದನ್ನು ಕಂಡಿದ್ದ. ಆಕೆ ಉಂಡದ್ದನ್ನು ಕಂಡಿರಲಿಲ್ಲ.

"ಗೊತ್ತಿಲ್ಲ" ಎಂದ.

ಚಕ್ಕಡಿಯವನಿಗೆ ಎತ್ತು ಓಡಿಸಲು ಹೇಳಿದ. ಮನೆ ಮುಟ್ಟಿದಾಗ ಎರಡು ಗಂಟೆ. ಯಾವತ್ತೂ ತಲೆಬಾಗಿಲಿನಿಂದ ಕೂಗುತ್ತ ಬರುವವನು ಅವತ್ತು ಸುಮ್ಮನೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಶೆಗಡಿಯ ಮುಂದೆ ಆಕೆ ಕೂತಿದ್ದಳು. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಪುಡಿಯ ಖಾಲಿ ಪೊಟ್ಟಣ. ಪಾತ್ರೆಗಳಿಂದ ಹಬೆ ಬರುತ್ತಿತ್ತು. ಗಂಡನನ್ನು ಕಂಡವಳೇ ದಡಬಡಿಸಿ ಎದ್ದು ತಾಟಿಗೆ ಕೈ ಹಾಕಿದಳು.

"ಕೂಡ್ರು" ಎಂದ. "ಪುಡಿ ಯಾವಾಗ ತಗೊಂಡಿ?"

"ಹನ್ನೆರಡಕ್ಕ. ವೈದ್ಯರು ಹೇಳಿದಂಗ."

"ಊಟ?"

"ನಿಮ್ಮದು ಆಗ್ಲಿ."

"ನನ್ನದು ಆದ ಮ್ಯಾಲೆ ಬಿಸಿ ಎಲ್ಲಿರ್ತೈತಿ? ಕೆಂಡ ಗಡಿಗಿಗೆ ಹೋಗಿರ್ತೈತೆಲ್ಲ."

ಈಗ ಲೆಕ್ಕ ಅವನಿಗೆ ತಾನಾಗಿ ಬಿಚ್ಚಿಕೊಂಡಿತು. ಹನ್ನೆರಡಕ್ಕೆ ಖಾಲಿ ಹೊಟ್ಟೆಗೆ ಖಾರದ ಪುಡಿ. ಅವನು ಬರುವುದು ಮೂರಕ್ಕೆ. ಅವನು ಉಂಡು ಏಳುತ್ತಲೇ ಅವನದೇ ನಿಯಮದಂತೆ ಕೆಂಡ ಗಡಿಗೆಗೆ. ಆಮೇಲೆ ತಾಟು ತೊಳೆದು, ನೆಲ ಒರೆಸಿ, ಆಳುಗಳಿಗೆ ಬಡಿಸಿ, ನಾಲ್ಕಕ್ಕೋ ಐದಕ್ಕೋ ಆಕೆ ತಣ್ಣಗಿನ ಅನ್ನಕ್ಕೆ ಕೂರಬೇಕು. ಎರಡು ತಿಂಗಳು ದಿನವೂ ಹೀಗೆ. ಔಷಧಿಯೇ ಆಕೆಯ ಹೊಟ್ಟೆಯನ್ನು ಸುಡುತ್ತಿತ್ತು.

"ವೈದ್ಯರು ಎದುರಿಗೇ ಕೇಳಿದ್ರು. ಅವತ್ತರ ಹೇಳಬಾರದಿತ್ತಾ?" ಎಂದು ಕೇಳಿದ.

"ನೀವು ಹೇಳಿಬಿಟ್ಟಿದ್ರೆಲ್ಲ, ಬಿಸೀನೇ ಉಣ್ತಾಳ ಅಂತ. ನಾ ಅಲ್ಲ ಅಂದ್ರ ಪರರ ಮುಂದ ನಿಮ್ಮ ಮಾತು ಸುಳ್ಳಾಗ್ತಿತ್ತು."

ಸಾಹುಕಾರ ಗೋಡೆ ಹಿಡಿದು ಕೆಳಗೆ ಕೂತ. ಅವನಿಗೆ ಅಳು ಬಂತು, ಅತ್ತ. ಗಂಡಸು ಅತ್ತ ಎಂದು ನಗಬೇಡಿ. ಅಳಬೇಕಾದದ್ದಕ್ಕೇ ಅತ್ತ.

ಈಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನಗೆ ಗೊತ್ತು. ದೊಡ್ಡ ಮನಸ್ಸು ಮಾಡಿ, 'ನಾಳಿಯಿಂದ ನನ್ನ ದಾರಿ ನೋಡಬ್ಯಾಡ, ನೀ ಉಂಡುಬಿಡು' ಎಂದು ಅಪ್ಪಣೆ ಕೊಟ್ಟು, ಭಾರ ಇಳಿಯಿತೆಂದು ಅಂಗಡಿಗೆ ಹೋಗುತ್ತಿದ್ದಿರಿ. ಅವನೂ ಮೊದಲು ಅದನ್ನೇ ಹೇಳಿದ. ಆಕೆ ಉಂಡಳೇ? "ನಿಮ್ಮವ್ವ ಕಲಿಸಿದ್ದು ನನ್ನ ಕೈಲೆ ಬಿಡಾಕ ಆಗೂದಿಲ್ಲ. ನೀವು ಹಸಿದಿದ್ರ ನನಗ ತುತ್ತು ಇಳಿಯಂಗಿಲ್ಲ" ಎಂದಳು. ಇಪ್ಪತ್ತೆರಡು ವರ್ಷದ ರೂಢಿ ಒಂದು ಅಪ್ಪಣೆಗೆ ಬಿಟ್ಟುಹೋಗುತ್ತದೆಯೇ? ಆಗ ಅವನಿಗೆ ತಿಳಿಯಿತು. ಆಕೆ ತನ್ನ ರೂಢಿ ಬಿಡುವುದಿಲ್ಲ, ಹಾಗಾದರೆ ತನ್ನದನ್ನು ತಾನು ಬಿಡಬೇಕು. ಆಕೆ ಹನ್ನೆರಡಕ್ಕೆ ಉಣ್ಣಬೇಕಾದರೆ ತಾನು ಹನ್ನೆರಡಕ್ಕೆ ಮನೆಯಲ್ಲಿರಬೇಕು. ಬೇರೆ ದಾರಿ ಇಲ್ಲ.

ಅವತ್ತು ಎರಡು ತಾಟು ಅವನೇ ಹಾಕಿದ. ಎದುರುಬದುರು ಕೂತರು. ಆಕೆ ಅವನ ಮೊದಲ ತುತ್ತಿಗೆ ಕಾದಳು. ಅವನು ತುತ್ತು ಬಾಯಿಗಿಟ್ಟು, ಈಗ ನಿನ್ನದು ಎಂಬಂತೆ ನೋಡಿದ. ಆಕೆಯ ತಾಟಿನಲ್ಲಿ ತುಪ್ಪ ಕರಗಿ ಇಳಿಯುತ್ತಿತ್ತು. ಆಕೆ ಅನ್ನ ಕಲಸಿ ತುತ್ತು ಬಾಯಿಗಿಟ್ಟಳು. ಊಟ ಮುಗಿದ ಮೇಲೆ ಕೆಂಡ ಎತ್ತಲು ಹೋದವಳನ್ನು ತಡೆದು, "ಆಳುಗೋಳ ಊಟ ಆಗ್ಲಿ, ಇರ್ಲಿ ಅದು" ಎಂದ.

ಒಂದು ದಿನ ಯಾರು ಬೇಕಾದರೂ ಮಾಡಿಯಾರು. ಎರಡನೆಯ ದಿನ? ಹತ್ತನೆಯ ದಿನ? ಹನ್ನೊಂದೂ ಮುಕ್ಕಾಲಕ್ಕೆ ಅಂಗಡಿಯ ಗಾದಿಯಿಂದ ಏಳುವ ಸಾಹುಕಾರನನ್ನು ಕಂಡು ಪೇಟೆ ನಕ್ಕಿತು. 'ಹೆಂಡತಿಗೆ ಅಂಜಿ ಓಡ್ತಾನ' ಎಂದರು. ಅದನ್ನು ಅವನು ತಡೆದುಕೊಂಡ. ಬೇರೆಯವರ ನಗೆಯನ್ನು ತಡೆದುಕೊಳ್ಳುವುದು ಕಷ್ಟವಲ್ಲ. ಕಷ್ಟ ಬಂದದ್ದು ಹನ್ನೆರಡನೆಯ ದಿನ. ಸಮುದ್ರ ದಾಟಿ ಹೋಗಿ ಬಂದ ಒಬ್ಬ ವ್ಯಾಪಾರಿ ಅಂಗಡಿಗೆ ಬಂದ. ನಡುಗಡಲಿನಲ್ಲಿ ತಾನು ಕಂಡ ಒಂದು ಬೆಳಕಿನ ಕಥೆ ಶುರು ಮಾಡಿದ. ನೀರಿನ ಕೆಳಗೆ ಬೆಳಕು, ಹಡಗಿನ ಜೊತೆಗೇ ಬರುತ್ತಿದೆ, ಹಡಗು ನಿಂತರೆ ಅದೂ ನಿಲ್ಲುತ್ತದೆ! ಏನದು? ಸಾಹುಕಾರನ ಕಿವಿ ನಿಮಿರಿತು. ಇಂಥ ಕಥೆಗಾಗಿ ಅವನು ಅರ್ಧ ಆಸ್ತಿ ಕೊಟ್ಟಾನು. ಗಡಿಯಾರ ನೋಡಿದ. ಹನ್ನೊಂದೂ ಮುಕ್ಕಾಲು. ವ್ಯಾಪಾರಿಗೆ ಅವಸರ, ಮಧ್ಯಾಹ್ನದ ಗಾಡಿಗೆ ಹೊರಡುವವನು. ಸಾಹುಕಾರ ಎದ್ದು ಚಪ್ಪಲಿ ಮೆಟ್ಟಿದ. ಆ ಬೆಳಕು ಏನೆಂದು ಅವನಿಗೆ ಸಾಯುವವರೆಗೂ ತಿಳಿಯಲಿಲ್ಲ. ನನ್ನನ್ನು ಕೇಳಿದರೆ, ಅವನ ಜೀವನದ ದೊಡ್ಡ ದಾನ ಅದೇ.

ಅಮಾವಾಸ್ಯೆ ಬಂತು, ವೈದ್ಯರೂ ಬಂದರು. "ಊಟ ನಿಲ್ಲತೈತೇನು ತಾಯಿ?" ಎಂದು ಕೇಳಿದರು. ಸಾಹುಕಾರ ಬಾಯಿ ಬಿಗಿಹಿಡಿದು ನೆಲ ನೋಡುತ್ತ ನಿಂತ. ತಡವಾಯಿತು. ಇಷ್ಟು ದಿನ ಯಾರೂ ಕೇಳಿರದ ದನಿ, ಗಂಟಲಿನಿಂದ ಹೊರಗೆ ಬರಲು ಹೊತ್ತು ಬೇಕಲ್ಲವೇ?

"ಒಂಬತ್ತು ದಿನದಿಂದ ನಿಲ್ಲಾಕತ್ತೈತ್ರಿ" ಎಂದಳು ಆಕೆ. "ಆದ್ರ ಪುಡಿ ಭಾಳ ಖಾರ ಐತಿ. ಸ್ವಲ್ಪ ಕಡಿಮಿ ಮಾಡ್ರಿ."

ವೈದ್ಯರು ಕಡಿಮೆ ಮಾಡಿದರು. ಆರು ತಿಂಗಳಿಗೆ ಬಳೆಗಳು ಮತ್ತೆ ಮುಂಗೈಯಲ್ಲಿ ನಿಂತವು. ಆಕೆ ಬದುಕಿದಳು.

ಕಥೆ ಚೆನ್ನಾಗಿತ್ತು ಎಂದು ತಲೆದೂಗುತ್ತಿದ್ದೀರಿ. ತಲೆದೂಗುವುದು ಸಾಕು. ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಶೆಗಡಿ ಇಲ್ಲ, ಗ್ಯಾಸ್ ಇದೆ. ಕಿವಿ ತಿರುವಿದರೆ ಬೆಂಕಿ. ಕೆಲವರಲ್ಲಿ ಒಂದು ನಿಮಿಷದಲ್ಲಿ ಬಿಸಿ ಮಾಡುವ ಪೆಟ್ಟಿಗೆಯೂ ಇದೆ. ಹಾಗಾದರೆ ಇವತ್ತು ನಮ್ಮ ಮನೆಗಳಲ್ಲಿ ಕೊನೆಯ ತಾಟು ಬಿಸಿಯಾಗಿದೆಯೇ? ತಾಯಂದಿರೇ, ನೀವು ನಗುತ್ತಿದ್ದೀರಿ. ಆ ನಗುವೇ ಉತ್ತರ. ಅಪ್ಪಗಳಿರಾ, ಬೆಂಕಿ ಸುಧಾರಿಸಿತು, ನಾವು ಸುಧಾರಿಸಲಿಲ್ಲ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಜಗತ್ತಿನ ಯಾವ ಪ್ರಶ್ನೆಗೂ ಉತ್ತರ ಹುಡುಕುತ್ತೀರಿ. ಒಂದು ಗೋಡೆಯ ಆಚೆ ನಿಂತವಳು ಯಾವಾಗ ಉಂಡಳು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ಎದ್ದು ಹೋಗಿ ಕೇಳಬೇಕು.

ಇವತ್ತು ಮನೆಗೆ ಹೋಗಿ ಒಂದೇ ಮಾತು ಕೇಳಿ: 'ನೀನು ಯಾವಾಗ ಉಣ್ಣುತ್ತೀ?' ಕೇಳಿ ಸುಮ್ಮನಿರಿ. ಉತ್ತರ ನೀವು ಹೇಳಬೇಡಿ. ಎಷ್ಟು ಹೊತ್ತಾದರೂ ಹೇಳಬೇಡಿ. ಆಕೆ ಏನು ಹೇಳುತ್ತಾಳೋ ಅದಕ್ಕೆ ನಿಮ್ಮ ಗಡಿಯಾರ ಹೊಂದಿಸಿಕೊಳ್ಳಿ. ಅಡುಗೆ ಇಳಿದ ಹೊತ್ತಿಗೆ ಬಂದು ಕೂರಿ. ಬರಲು ಆಗದ ದಿನ, ಆಗುವುದಿಲ್ಲ ಎಂದು ಮೊದಲೇ ತಿಳಿಸಿ. ಅತ್ತೆಯಂದಿರೇ, ನಿಮಗೂ ಹೇಳುತ್ತಿದ್ದೇನೆ. ಅದು ನಿಮ್ಮ ಸೊಸೆ ಇರಬಹುದು, ಮನೆಗೆಲಸದವಳಿರಬಹುದು, ಕೊನೆಗೆ ಉಣ್ಣುವವರು ಯಾರೇ ಇರಲಿ, ಅವರ ತಾಟು ತುಂಬುವವರೆಗೆ ಒಲೆ ಆರಬಾರದು.

ಇನ್ನು ನನ್ನ ಸರದಿ. ನಾನು ಈ ಮಠದಲ್ಲಿ ಒಂಬತ್ತು ದಿನದಿಂದ ಉಣ್ಣುತ್ತಿದ್ದೇನೆ. ಪ್ರವಚನ ಮುಗಿಸಿ ಒಂದು ಗಂಟೆಗೆ ಹೋದರೂ, ಭಕ್ತರ ಜೊತೆ ಮಾತಾಡಿ ಎರಡಕ್ಕೆ ಹೋದರೂ, ನನ್ನ ರೊಟ್ಟಿ ಬಿಸಿಯಾಗಿಯೇ ಇರುತ್ತದೆ. ಹೇಗೆ ಇರುತ್ತದೆ ಎಂದು ಎಂಟು ದಿನ ನಾನು ಕೇಳಲಿಲ್ಲ. ಕಥೆ ಹೇಳುವವನ ಯೋಗ್ಯತೆ ಇಷ್ಟು! ಇವತ್ತು ಬೆಳಗ್ಗೆ ಒಳಗೆ ಹೋಗಿ ರೊಟ್ಟಿ ಬಡಿಯುವ ತಾಯಿಯನ್ನು ಕೇಳಿದೆ: "ಯವ್ವಾ, ನೀವು ಯಾವಾಗ ಉಣ್ತೀರಿ?" ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಾಯಿ ತೆರೆಯುವಷ್ಟರಲ್ಲಿ, ಇಲ್ಲೇ ಮುಂದಿನ ಸಾಲಿನಲ್ಲಿ ಕೂತ ನಮ್ಮ ಹಿರಿಯರೊಬ್ಬರು ಬಾಗಿಲಿನಿಂದಲೇ ಹೇಳಿದರು: "ಎಲ್ಲಾರೂ ಬಿಸೀನೇ ಉಣ್ತಾರ್ರಿ ಅಜ್ಜಾರ, ನೀವ್ಯಾಕ ಚಿಂತಿ ಮಾಡ್ತೀರಿ?"

ಹಿರಿಯರೇ, ತಲೆ ತಗ್ಗಿಸಬೇಡಿ. ನಾನೂ ತಗ್ಗಿಸಿದ್ದೇನೆ.

ಇವತ್ತು ಹೇಳಬೇಕಾದ ಶಾಸ್ತ್ರದ ಮಾತು ಇನ್ನೂ ಅರ್ಧ ಉಳಿದಿದೆ. ಉಳಿಯಲಿ. ಒಳಗೆ ಆರು ಜನ ತಾಯಂದಿರು ಬೆಳಗಿನ ಐದರಿಂದ ಒಲೆಯ ಮುಂದಿದ್ದಾರೆ, ಅನ್ನ ಈಗಷ್ಟೇ ಇಳಿದಿದೆ. ಮೊದಲ ಪಂಕ್ತಿ ಅವರದು. ಬಡಿಸುವವರು ನಾವು. ನಾನು ಸ್ವಲ್ಪ ಹೊತ್ತು ಈ ಮೈಕಿನ ಆಚೆ ಇರುತ್ತೇನೆ, ನನಗೂ ಅನ್ನದ ಬುಟ್ಟಿ ಹಿಡಿಯಲು ಬರುತ್ತದೆ. ಏಳಿ, ತಾಟು ತನ್ನಿ.